ಇಡ್ಲಿ ಹಿಟ್ಟಿನ ಕಾರಿಗೆ ದೊಡ್ಡ ಎಂಜಿನ್ನು

ಹಳೆ ಕಾರಿಗೆ ದೊಡ್ಡ ಎಂಜಿನ್ ಕೂರಿಸುವ ಕೆಲಸ ಬಂತೆಂದರೆ ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ನಾನೂ ಎತ್ತುತ್ತಿದ್ದೆ. ಮೂವತ್ತು ವರ್ಷ ಅದೇ ಕೆಲಸ ಮಾಡಿದ ಮೇಲೆ ಹೇಳುತ್ತಿದ್ದೇನೆ: ಬಾನೆಟ್ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಹಿಂದಿನ ಬಾಗಿಲು ತೆಗೆದು, ಆ ಕಾರಿನಲ್ಲಿ ದಿನಾ ಏನು ಕೂರುತ್ತದೆ ಎಂದು ನೋಡಿ. ಇದು ನನಗೆ ಮೊದಲೇ ಗೊತ್ತಿದ್ದರೆ ಒಬ್ಬ ಅಡುಗೆಯವರ ಟ್ರಂಕು ಹೋಟೆಲಿನ ಮೆಟ್ಟಿಲ ಬುಡದವರೆಗೆ ಬರುತ್ತಿರಲಿಲ್ಲ.

ನನಗೀಗ ಐವತ್ತೆರಡು. ನಿವೃತ್ತಿ ಎನ್ನುವುದು ದೊಡ್ಡ ಮಾತು. ನನ್ನ ಬೆನ್ನುಮೂಳೆ ರಾಜೀನಾಮೆ ಬರೆಯಿತು, ನಾನು ಕೆಳಗೆ ಸಹಿ ಹಾಕಿದೆ. ದಹಿಸರದ ಮನೆಯ ಕಿಟಕಿಯಲ್ಲಿ ಕೂತು, ಕೆಳಗೆ ಹೋಗುವ ರಿಕ್ಷಾಗಳ ಸದ್ದು ಕೇಳಿ, ಯಾವುದರ ಬೇರಿಂಗ್ ಹೋಗಿದೆ ಎಂದು ಚಿಂತಿಸುತ್ತೇನೆ. ರಿಕ್ಷಾದವನು ಆರಾಮಾಗಿ ಹಾಡಿಕೊಂಡು ಹೋಗುತ್ತಿರುತ್ತಾನೆ. ಈ ಕಸಬಿಗೆ ಹೊಸದಾಗಿ ಸೇರಿದ ನಮ್ಮ ಕಡೆಯ ಕೆಲವರು ಭಾನುವಾರ ಬಂದು, ‘ಅಂಕಲ್, ಆಪ್ಕೆ ಜಮಾನೇ ಮೇ ಹೆಂಗ ಮಾಡ್ತಿದ್ರಿ?’ ಎಂದು ಅರ್ಧ ಹಿಂದಿಯಲ್ಲಿ, ಅರ್ಧ ಕನ್ನಡದಲ್ಲಿ ಕೇಳುತ್ತಾರೆ. ಇದು ಅವರಿಗಾಗಿ. ಕನ್ನಡ ಓದಲು ಬಾರದವರಿಗೆ ಅವರವರ ತಾಯಿ ಓದಿ ಹೇಳಬೇಕು. ನನ್ನ ಬಗ್ಗೆ ಗೌರವ ಕಡಿಮೆಯಾಗುವ ಕಡೆ ಸ್ವಲ್ಪ ದನಿ ತಗ್ಗಿಸಿದರೆ ಉಪಕಾರ.

ಅರವತ್ತರ ದಶಕದ ಕೊನೆಯಲ್ಲಿ ನಾನು ಗದಗಿನಿಂದ ಬಂದಾಗ ನಮ್ಮ ಗ್ಯಾರೇಜು ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ, ಎರಡು ಬಿಲ್ಡಿಂಗುಗಳ ನಡುವಿನ ಸಂದಿಗೆ ತಗಡು ಹೊದಿಸಿದ ಜಾಗದಲ್ಲಿತ್ತು. ಆಗ ಹೊಸ ಕಾರಿಗೆ ಹೆಸರು ಬರೆಸಿದರೆ ಮಗ ಹುಟ್ಟಿದಾಗ ಬರೆಸಿದ್ದು ಅವನ ಮುಂಜಿಗೆ ಬರುತ್ತಿತ್ತು. ವಿದೇಶಿ ಕಾರುಗಳ ಬಿಡಿಭಾಗ ಹಡಗಿನಲ್ಲಿ ಬರುವುದು ನಿಂತುಹೋಗಿತ್ತು. ಹೀಗಾಗಿ ಇಂಗ್ಲಿಷರು ಬಿಟ್ಟುಹೋದ ಕಾರುಗಳ ದೇಹ ಗಟ್ಟಿಯಾಗಿಯೇ ಇರುತ್ತಿತ್ತು, ಎದೆ ಮಾತ್ರ ಸೋತಿರುತ್ತಿತ್ತು. ಅವುಗಳೊಳಗೆ ಇಲ್ಲಿ ಸಿಗುವ ದೊಡ್ಡ ಎಂಜಿನ್ನುಗಳನ್ನು, ಹೆಚ್ಚಾಗಿ ಅಂಬಾಸಿಡರಿನದನ್ನು, ಕೂರಿಸುವುದು ನಮ್ಮ ಗ್ಯಾರೇಜಿನ ವಿಶೇಷ.

ಫೋರ್ಮನ್ ಉಸ್ಮಾನ್ ಮಿಸ್ತ್ರಿ. ಒಂದು ಕಾಲು ಮುರಿದ ಕನ್ನಡಕವನ್ನು ಕ್ಲಚ್ ವಾಯರಿನ ಎಳೆಯಿಂದ ಕಿವಿಗೆ ಸಿಕ್ಕಿಸಿಕೊಂಡಿದ್ದ ಮನುಷ್ಯ. ಯಾವ ಕೆಲಸ ಕೊಟ್ಟರೂ ನಾನು ‘ಅಗರ್ ಮೌಂಟಿಂಗ್ ಬಿರುಕು ಬಿಟ್ಟರೆ? ಮಗರ್ ಗೇರ್ ಸಿಕ್ಕಿಹಾಕಿಕೊಂಡರೆ?’ ಎಂದು ಶುರು ಮಾಡುತ್ತಿದ್ದೆನಾದ್ದರಿಂದ ಅವರು ನನಗೆ ‘ಅಗರ್ ಮಗರ್’ ಎಂದೇ ಹೆಸರಿಟ್ಟರು. ಮೂರು ತಿಂಗಳಲ್ಲಿ ನನ್ನ ನಿಜವಾದ ಹೆಸರು ನನಗೊಬ್ಬನಿಗೇ ಗೊತ್ತಿತ್ತು.

ಉಸ್ಮಾನ್ ಮಿಸ್ತ್ರಿಯ ಹತ್ತಿರ ಒಂದು ಮರದ ಎಂಜಿನ್ ಇತ್ತು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳಿಂದ ಬಡಗಿಯ ಕೈಯಲ್ಲಿ ಮಾಡಿಸಿದ್ದು. ಅಂಬಾಸಿಡರ್ ಎಂಜಿನ್ನಿನದೇ ಉದ್ದಗಲ, ತೂಕ ಮಾತ್ರ ಒಂದು ಕುರ್ಚಿಯಷ್ಟು. ಇಬ್ಬರು ಅದನ್ನು ಎತ್ತಿ ಕಾರಿನ ಮೂತಿಯೊಳಗೆ ಇಳಿಸಿ, ಎಲ್ಲಿ ಕತ್ತರಿಸಬೇಕು, ಎಲ್ಲಿ ಬೆಸುಗೆ ಹಾಕಬೇಕು ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡುತ್ತಿದ್ದೆವು. ಆಮೇಲೆ ನಿಜವಾದ ಎಂಜಿನ್ ಚೈನ್ ಪುಲ್ಲಿಯಲ್ಲಿ ತೂಗಾಡುತ್ತ ಇಳಿಯುತ್ತಿತ್ತು. ಈಗ ಹೈಡ್ರಾಲಿಕ್ ಕ್ರೇನು ಬಂದಿದೆ, ಒಳ್ಳೆಯದೇ. ಆದರೆ ಮರದ ಎಂಜಿನ್ನು ತಪ್ಪು ಮಾಡಲು ಕೊಡುತ್ತಿದ್ದ ಅವಕಾಶ ಕಬ್ಬಿಣದ್ದು ಕೊಡುವುದಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ಒಬ್ಬ ಮರದ ವ್ಯಾಪಾರಿಯ ಅಮೆರಿಕನ್ ಕಾರಿನದು. ಪೆಟ್ರೋಲ್ ದುಬಾರಿಯಾದ ಹೊತ್ತು. ಆ ಮಹಾಕಾಯಕ್ಕೆ ಲಾರಿಯ ಡೀಸೆಲ್ ಎಂಜಿನ್ ಹಾಕಿದೆವು. ಅಳತೆ ನನ್ನದು, ನೂಲಿನಷ್ಟೂ ತಪ್ಪಿರಲಿಲ್ಲ. ಒಂದು ವಾರದ ಮೇಲೆ ವ್ಯಾಪಾರಿ ಬಂದು, ‘ಭಾಯ್, ಲೈಟ್ ಹಾಕಿದರೆ ನನ್ನ ಬಂಪರ್ ಬಿಟ್ಟು ಬೇರೇನೂ ಕಾಣುವುದಿಲ್ಲ’ ಎಂದ. ಉದ್ದಗಲ ಅಳೆದ ನಾನು ಭಾರ ಅಳೆದಿರಲಿಲ್ಲ. ಮುಂದಿನ ಸ್ಪ್ರಿಂಗುಗಳು ಕುಸಿದು, ಕಾರು ಅತ್ತೆಯ ಮನೆಗೆ ಬಂದ ಹೊಸ ಸೊಸೆಯ ಹಾಗೆ ನೆಲ ನೋಡುತ್ತಿತ್ತು. ಉಸ್ಮಾನ್ ಮಿಸ್ತ್ರಿ ಸಮತೂಕಕ್ಕೆಂದು ಡಿಕ್ಕಿಯಲ್ಲಿ ಮೂರು ಚೀಲ ಮರಳು ಇಡಿಸಿದರು. ಹೊಸ ಸ್ಪ್ರಿಂಗ್ ಸಿಗುವ ತನಕ ಎಂದು ಇಟ್ಟ ಮರಳು, ಎರಡು ವರ್ಷವಾದರೂ ಅಲ್ಲೇ ಇತ್ತು. ವ್ಯಾಪಾರಿಗೆ ಆ ತೇಲುವ ನಡಿಗೆ ಹಿಡಿಸಿಬಿಟ್ಟಿತ್ತು.

ಆ ದಿನದಿಂದ ನಾನು ಮರಳಿನ ಭಕ್ತನಾದೆ. ಯಾವ ಕಾರಿಗೆ ಎಂಜಿನ್ ಹಾಕಿದರೂ, ಅದು ಹೊರುವ ಭಾರಕ್ಕೆ ಸರಿಯಾಗಿ ಮರಳಿನ ಚೀಲ ತುಂಬಿ ಓಡಿಸಿ ನೋಡದೆ ಬಿಡುತ್ತಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಂಜಿನ್ ಬದಲಾದರೆ ಆರ್‌ಟಿಓದಲ್ಲಿ ಕಾರಿನ ನೋಂದಣಿ ಪುಸ್ತಕಕ್ಕೆ ಹೊಸ ನಂಬರು ಏರಿಸಬೇಕಿತ್ತು. ಎಂಜಿನ್ನಿನ ಮೇಲೆ ಕೊರೆದ ನಂಬರಿಗೆ ತೆಳು ಕಾಗದ ಒತ್ತಿ, ಪೆನ್ಸಿಲ್ ಉಜ್ಜಿ, ಅಂಕಿ ಮೂಡಿಸಿ ಇನ್‌ಸ್ಪೆಕ್ಟರಿಗೆ ಕೊಡಬೇಕು. ಕಳೆದುಹೋದರೆ? ಒದ್ದೆಯಾದರೆ? ಎಂದು ನಾನು ಒಂದೇ ನಂಬರಿನ ಹದಿನೆಂಟು ಪ್ರತಿ ತೆಗೆದುಕೊಂಡು ಹೋಗಿದ್ದೆ. ಆ ಸಾಹೇಬರು ಕಟ್ಟನ್ನು ನೋಡಿ, ‘ಏಕ್ ಬಸ್ ಹೈ ಭಾವೂ. ಶಾದೀ ಕಾ ಕಾರ್ಡ್ ಬಾಂಟ್ ರಹೇ ಹೋ ಕ್ಯಾ?’ ಎಂದರು, ಮದುವೆಯ ಕರೆಯೋಲೆ ಹಂಚುತ್ತಿದ್ದೀಯಾ ಎಂದು. ಹೀಗೆ ಎಲ್ಲದಕ್ಕೂ ಮೊದಲೇ ಹೆದರಿಟ್ಟುಕೊಂಡ ಮನುಷ್ಯನಿಗೆ ಕೆಟ್ಟದ್ದು ಹೇಗಾಯಿತು ಎನ್ನುವುದೇ ಮುಂದಿನ ಕತೆ.

ನಮ್ಮ ಗ್ಯಾರೇಜಿನ ಎದುರು ಭೋಜಣ್ಣನವರ ಹೋಟೆಲು. ಉಡುಪಿ ಕಡೆಯವರು, ಗಲ್ಲಾದ ಮೇಲೆ ಕೂತರೆ ಗಲ್ಲಾ ಯಾವುದು ಅವರು ಯಾವುದು ಎಂದು ತಿಳಿಯದಷ್ಟು ಒಂದಾಗಿದ್ದರು. ನಾನು ದಿನಾ ಬೆಳಿಗ್ಗೆ ದಹಿಸರದಿಂದ ಲೋಕಲ್ ಹಿಡಿದು ಬಂದವನು ಮೊದಲು ಅಲ್ಲಿಗೇ ಹೋಗಿ, ಎರಡು ಇಡ್ಲಿ ತಿಂದು, ಆಮೇಲೆ ಗ್ಯಾರೇಜಿಗೆ ಹೋಗುವುದು. ಚಟ್ನಿ ಇಡ್ಲಿಯ ಮೇಲೆ ಬಿದ್ದರೆ ಖಾರವೆಷ್ಟು ಹೊಟ್ಟೆಗೆ ಹೋಯಿತೆಂದು ಲೆಕ್ಕ ಸಿಗುವುದಿಲ್ಲ ಎನ್ನುವುದು ನನ್ನ ಚಿಂತೆ. ಹಾಗಾಗಿ ಚಟ್ನಿ ಬೇರೆ ಬಟ್ಟಲಲ್ಲಿ. ಸಪ್ಲೈಯರ್ ಅಡುಗೆಮನೆಯ ಕಿಂಡಿಗೆ ಬಾಯಿಟ್ಟು, ‘ಎರಡು ಇಡ್ಲೀ, ಚಟ್ನಿ ಬೇರೇ!’ ಎಂದು ರಾಗವಾಗಿ ಕೂಗುತ್ತಿದ್ದ. ಇಡೀ ಹೋಟೆಲಿನಲ್ಲಿ ಆ ಕೂಗು ನನ್ನೊಬ್ಬನದೇ.

ಕಿಂಡಿಯ ಆಚೆಗೆ ಅಣ್ಣಪ್ಪಯ್ಯ. ಕುಂದಾಪುರದ ಕಡೆಯ ಅಡುಗೆಯವರು, ಅರವತ್ತರ ಹತ್ತಿರದ ವಯಸ್ಸು. ಹೊರಗೆ ಬಂದು ಗಿರಾಕಿಗಳ ಮುಖ ನೋಡಿದವರಲ್ಲ. ಕೂಗಿನಿಂದಲೇ ಎಲ್ಲರನ್ನೂ ಬಲ್ಲವರು. ಅಕ್ಕಿ ಉದ್ದು ನೆನೆಸುವುದು, ರುಬ್ಬಿಸುವುದು, ಹುದುಗಿಸುವುದು ಅವರ ರಾಜ್ಯ. ಒಮ್ಮೆ ಕೈ ತೊಳೆಯಲು ಹೋದಾಗ ನಾನು, ‘ದಿನಾ ಇಷ್ಟು ಹಿಟ್ಟ ಮಾಡ್ತೀರಲ್ರೀ, ಉಳಿದದ್ದು ಏನ್ ಮಾಡ್ತೀರಿ?’ ಎಂದು ಕೇಳಿದ್ದೆ.

‘ಹ್ವಾಯ್, ನನ್ನ ಹತ್ರ ಉಳಿಯುದಿಲ್ಲ. ಒಂದು ಪ್ಲೇಟು ಉಳಿದ್ರೆ ಇವತ್ತು ಯಾರು ಬರ್ಲಿಲ್ಲ ಅಂತ ನಂಗೆ ಗೊತ್ತು’ ಎಂದಿದ್ದರು.

ಭೋಜಣ್ಣನವರಿಗೆ ವಿಕ್ರೋಳಿಯ ಒಂದು ದೊಡ್ಡ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೆಳಗಿನ ತಿಂಡಿಯ ಗುತ್ತಿಗೆ ಇತ್ತು. ಹಿಟ್ಟು ಮಾತ್ರ ಗ್ರಾಂಟ್ ರೋಡಿನಿಂದಲೇ ಹೋಗಬೇಕು. ಅಣ್ಣಪ್ಪಯ್ಯನ ಕೈಯದಲ್ಲದೆ ಬೇರೆ ಹಿಟ್ಟು ಭೋಜಣ್ಣ ಒಪ್ಪುತ್ತಿರಲಿಲ್ಲ. ಬೆಳಗಿನ ಐದಕ್ಕೆ ಎಂಟು ಅಲ್ಯೂಮಿನಿಯಮ್ ಕ್ಯಾನುಗಳ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಹಿಂದಿನ ಸೀಟು ಕಿತ್ತ ಹಳೇ ಮೈನರ್ ಕಾರಿನೊಳಗೆ ಇಟ್ಟು, ಡ್ರೈವರ್ ಸದಾನಂದ ಹೊರಡುತ್ತಿದ್ದ. ಮೈನರ್ ಎಂದರೆ ಆಮೆಯ ಬೆನ್ನಿನ ಪುಟ್ಟ ಇಂಗ್ಲಿಷ್ ಕಾರು. ನಾಲ್ಕು ಜನ ಸಭ್ಯರು ಚಹಾಕ್ಕೆ ಹೋಗಿಬರಲೆಂದು ಮಾಡಿದ್ದು. ಎಂಟು ಕ್ಯಾನು ಹೊತ್ತು ಸಯನ್ ಸೇತುವೆ ಹತ್ತುವಾಗ ಅದು ನಡುವೆಯೇ ನಿಂತು, ಸದಾನಂದ ಇಳಿದು ಚಕ್ರಕ್ಕೆ ಕಲ್ಲು ಕೊಡಬೇಕಾಗುತ್ತಿತ್ತು. ಹಿಟ್ಟು ತಡವಾದರೆ ಮೊದಲ ಪಾಳಿಯವರಿಗೆ ಇಡ್ಲಿ ಇಲ್ಲ.

ಒಂದು ದಿನ ಭೋಜಣ್ಣ ಗಲ್ಲಾದಿಂದಲೇ ನನ್ನನ್ನು ಕರೆದರು. ‘ಗದಗಿನವ್ರೇ, ನಮ್ಮ ಕಾರಿಗೆ ಒಂದು ದೊಡ್ಡ ಎದೆ ಹಾಕಿ ಕೊಡಿ ಮಾರಾಯ್ರೆ. ಸಯನ್ ಬ್ರಿಜ್ಜಿನಲ್ಲಿ ಅದು ದಮ್ಮು ಕಟ್ಟುವುದು ಕಂಡ್ರೆ ನಂಗೇ ಉಬ್ಬಸ ಬರ್ತದೆ.’

‘ಒಂದು ಟೆಂಪೋ ತಗೋಬಾರದೇನ್ರೀ?’

‘ಎಂತ ಹೇಳ್ತೀರಿ? ಈ ಹೋಟೆಲ್ ನನ್ನ ಕೈಗೆ ಬಂದದ್ದೇ ಆ ಕಾರಿನ ಒಟ್ಟಿಗೆ. ಅದನ್ನು ಕೊಟ್ರೆ ಹೋಟೆಲಿನ ಒಂದು ಕಾಲು ತೆಗ್ದ ಹಾಗೆ ಅಲ್ವಾ? ನಿಮಗೆ ಆಗ್ತದಾ ಇಲ್ವಾ, ಅಷ್ಟು ಹೇಳಿ.’

ಉಸ್ಮಾನ್ ಮಿಸ್ತ್ರಿ ಆ ಕೆಲಸವನ್ನು ಪೂರ್ತಿಯಾಗಿ ನನಗೇ ಬಿಟ್ಟರು. ‘ಅಗರ್ ಭೀ ತೇರಾ, ಮಗರ್ ಭೀ ತೇರಾ’ ಎಂದರು. ನಾನೊಬ್ಬನೇ ಜವಾಬ್ದಾರಿ ಹೊತ್ತು ಮಾಡಿದ ಮೊದಲ ಎಂಜಿನ್ ಬದಲಾವಣೆ ಅದು. ಆ ತಿಂಗಳು ನನ್ನ ತೂಕ ಎಷ್ಟು ಇಳಿಯಿತೆಂದರೆ ಪ್ಯಾಂಟಿಗೆ ಫ್ಯಾನ್ ಬೆಲ್ಟ್ ಕಟ್ಟುವುದೊಂದು ಬಾಕಿ.

ಕೆಲಸ ಚೆನ್ನಾಗಿಯೇ ಆಯಿತು. ಇಷ್ಟು ವರ್ಷದ ಮೇಲೆ ಜಂಬ ಪಡುವುದರಲ್ಲಿ ಅಪಾಯವಿಲ್ಲ. ಮರದ ಎಂಜಿನ್ ಇಳಿಸಿ ಗುರುತು ಹಾಕಿದೆ. ರೇಡಿಯೇಟರನ್ನು ಮುಂದಕ್ಕೆ ತಳ್ಳಿದೆ. ಎಂಜಿನ್ನಿನ ತಳದ ಎಣ್ಣೆ ತೊಟ್ಟಿ ಸ್ಟೇರಿಂಗಿಗೆ ತಾಗುತ್ತಿತ್ತು, ಅದನ್ನು ಕತ್ತರಿಸಿ ಬೇರೆ ಆಕಾರಕ್ಕೆ ಬೆಸುಗೆ ಹಾಕಿಸಿದೆ. ಎಲ್ಲಕ್ಕಿಂತ ಮೊದಲು ಬ್ರೇಕು: ದೊಡ್ಡ ಕಾರಿನ ಬ್ರೇಕ್ ಡ್ರಮ್ಮುಗಳನ್ನು ಮುಂದಿನ ಚಕ್ರಗಳಿಗೆ ಕೂರಿಸಿದೆ. ಹೊಸಬರೇ, ಓಡಿಸುವುದು ಎರಡನೆಯದು, ನಿಲ್ಲಿಸುವುದು ಮೊದಲನೆಯದು. ಇದನ್ನು ಗೋಡೆಯ ಮೇಲೆ ಬರೆದುಕೊಳ್ಳಿ.

ಉಳಿದದ್ದು ಹೊಗೆಯ ಪೈಪು. ದೊಡ್ಡ ಎಂಜಿನ್ನಿನ ಪೈಪು ದಪ್ಪ. ಹಳೆಯ ದಾರಿಯಲ್ಲಿ ಹಿಡಿಸಲಿಲ್ಲ. ಕೆಳಗೆ ಇಳಿಬಿಟ್ಟು ಹಾಯಿಸಬಹುದಿತ್ತು. ಆದರೆ ನಾನು ಮಳೆಗಾಲ ನೆನೆಸಿಕೊಂಡೆ. ಸಯನ್ ಹತ್ತಿರ ಮೊಣಕಾಲಿನ ತನಕ ನೀರು ನಿಲ್ಲುತ್ತದೆ. ಎಂಟು ಕ್ಯಾನಿನ ಭಾರಕ್ಕೆ ಕಾರು ಹಿಂದೆ ತಗ್ಗಿರುತ್ತದೆ. ಪೈಪಿಗೆ ನೀರು ನುಗ್ಗಿದರೆ? ಗುಂಡಿಗೆ ಬಿದ್ದು ಪೈಪು ಕಿತ್ತುಹೋದರೆ? ಹೀಗೆ ಯೋಚಿಸಿ, ಪೈಪನ್ನು ಎಷ್ಟು ಮೇಲಕ್ಕೆ ಸಾಧ್ಯವೋ ಅಷ್ಟು ಮೇಲಕ್ಕೆ, ಹಿಂದಿನ ನೆಲದ ತಗಡಿಗೆ ಒಂದು ಬೆರಳಿನ ಅಂತರದಲ್ಲಿ ಹಾಯಿಸಿ, ಸೈಲೆನ್ಸರನ್ನೂ ಅಲ್ಲೇ ಅಡಗಿಸಿ ಕ್ಲಾಂಪು ಬಿಗಿದೆ. ಎಷ್ಟು ಮುಂದಾಲೋಚನೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಕೈ ಎಟುಕುವಷ್ಟು.

ಆಮೇಲೆ ಎಂಟು ಕ್ಯಾನಿನ ತೂಕಕ್ಕೆ ಸರಿಯಾಗಿ ಮರಳಿನ ಚೀಲ ತುಂಬಿ ವಿಕ್ರೋಳಿಗೆ ನಾಲ್ಕು ಸಲ ಹೋಗಿಬಂದೆ. ಸಯನ್ ಸೇತುವೆಯನ್ನು ಕಾರು ಮೂರನೇ ಗೇರಿನಲ್ಲಿ ಹತ್ತಿತು. ಮೇ ತಿಂಗಳ ನಡುವಿಗೆ ಕೀಲಿಕೈ ಒಪ್ಪಿಸಿದೆ. ಭೋಜಣ್ಣ ನನ್ನನ್ನೂ ಉಸ್ಮಾನ್ ಮಿಸ್ತ್ರಿಯನ್ನೂ ಗಲ್ಲಾದ ಎದುರು ಕೂರಿಸಿ ಜಿಲೇಬಿ ತಿನ್ನಿಸಿದರು.

ಒಂದು ವಾರಕ್ಕೆ ವಿಕ್ರೋಳಿಯಿಂದ ದೂರು ಬಂತು, ಇಡ್ಲಿ ಹುಳಿ ಎಂದು. ಮೇ ತಿಂಗಳ ಸೆಕೆ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಣ್ಣಪ್ಪಯ್ಯ ಉದ್ದು ನೆನೆಸುವ ಹೊತ್ತು ಹಿಂದೆ ಮುಂದೆ ಮಾಡಿದರು. ಜೂನ್‌ನಲ್ಲಿ ಮಳೆ ಹಿಡಿಯಿತು, ಊರು ತಣ್ಣಗಾಯಿತು, ವಿಕ್ರೋಳಿಯ ಇಡ್ಲಿ ಇನ್ನೂ ಹುಳಿಯಾಯಿತು. ವಿಚಿತ್ರವೆಂದರೆ ಅದೇ ಹಿಟ್ಟಿನಲ್ಲಿ ಬೇಯಿಸಿದ ಗ್ರಾಂಟ್ ರೋಡಿನ ಇಡ್ಲಿ ಮಲ್ಲಿಗೆಯ ಹಾಗಿರುತ್ತಿತ್ತು. ನಾನೇ ದಿನಾ ತಿನ್ನುತ್ತಿದ್ದೆನಲ್ಲ. ಕ್ಯಾಂಟೀನಿನ ಮ್ಯಾನೇಜರು, ಈ ತಿಂಗಳು ಸರಿಯಾಗದಿದ್ದರೆ ಗುತ್ತಿಗೆ ಬೇರೆಯವರಿಗೆ ಎಂದು ಹೇಳಿ ಕಳಿಸಿದ.

ಆ ಸೋಮವಾರ ನಾನು ಕಿಂಡಿಯ ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದೆ. ಭೋಜಣ್ಣ ಗಲ್ಲಾ ಬಿಟ್ಟು ಅಡುಗೆಮನೆಗೆ ಹೋದರು. ಅವರು ಗಲ್ಲಾ ಬಿಟ್ಟು ಏಳುವುದೆಂದರೇ ಸುದ್ದಿ.

‘ಅಣ್ಣಪ್ಪಯ್ಯ, ಒಂದೇ ರುಬ್ಬುಗಲ್ಲು, ಒಂದೇ ಹಿಟ್ಟು. ಇಲ್ಲಿ ಸೀ, ಅಲ್ಲಿ ಹುಳಿ. ಅದು ಹೇಗೆ ಹೇಳಿ?’

‘ನಂಗೆ ತಿಳಿಯುದಿಲ್ಲ.’

‘ನಂಗೆ ತಿಳೀತದೆ. ನಿನ್ನೆ ಉಳಿದ ಹಿಟ್ಟನ್ನು ನೀವು ವಿಕ್ರೋಳಿ ಕ್ಯಾನಿಗೆ ಸೇರಿಸ್ತೀರಿ. ಅವರು ಕಾರ್ಖಾನೆಯವರು, ತಿಂತಾರೆ ಅಂತ.’

ಕಿಂಡಿಯ ಆಚೆ ಸೌಟು ಕೆಳಗಿಟ್ಟ ಸದ್ದಾಯಿತು. ಆಮೇಲೆ ಅಣ್ಣಪ್ಪಯ್ಯನ ದನಿ: ‘ಇಪ್ಪತ್ತೆರಡು ವರ್ಷ ಆಯ್ತು ನಾನು ಈ ಒಲೆ ಹತ್ರ ನಿಂತು. ಉಳಿದ ಹಿಟ್ಟು ಅಂದ್ರಿ ಅಲ್ದಾ? ಇನ್ನೊಬ್ಬರು ಹೇಳಿದ್ರೆ ಸೌಟಿನಲ್ಲಿ ಕೊಡ್ತಿದ್ದೆ. ನೀವು ಹೇಳಿದ್ರಿ. ಆಯ್ತು, ಬೇರೆ ಜನ ಕಾಣಿ. ಅಲ್ಲಿವರೆಗೆ ಇರ್ತೆ.’

ನಾನು ಇಡ್ಲಿ ತಿಂದು ಕೈ ತೊಳೆದೆ. ನನಗೂ ಅದಕ್ಕೂ ಏನು ಸಂಬಂಧ? ಅದೊಂದೇ ವಿಷಯದಲ್ಲಿ ನನಗೆ ಚಿಂತೆ ಹುಟ್ಟಿರಲಿಲ್ಲ.

ಮರುದಿನ ಮಂಗಳವಾರ, ಗೇರ್‌ಬಾಕ್ಸಿನಲ್ಲಿ ಏನೋ ಗುರುಗುರು ಸದ್ದು ಎಂದು ಸದಾನಂದ ಹೇಳಿದ್ದರಿಂದ ಬೆಳಿಗ್ಗೆ ಐದಕ್ಕೆ ನಾನೂ ಕಾರು ಹತ್ತಿದೆ. ಸದ್ದು ಹಿಂದಿನಿಂದ ಕೇಳಬೇಕೆಂದು ಕ್ಯಾನುಗಳ ನಡುವೆ ತಗಡಿನ ನೆಲದ ಮೇಲೇ ಕೂತೆ. ಹೊರಗೆ ಧೋ ಮಳೆ. ಬಟ್ಟೆ ಒದ್ದೆಯಾಗಿ ನಡುಗುತ್ತಿದ್ದೆ. ದಾದರ್ ದಾಟುವ ಹೊತ್ತಿಗೆ ಕುಂಡೆಯ ಕೆಳಗೆ ಹಿತವಾದ ಬಿಸಿ ಏರತೊಡಗಿತು. ನನಗೆ ಮೊದಲು ಬಂದ ಯೋಚನೆ ಮೂಲವ್ಯಾಧಿಯದು. ಎರಡನೆಯದು, ಏನೇ ಇರಲಿ, ಈ ಮಳೆಯಲ್ಲಿ ಚೆನ್ನಾಗಿದೆ ಎನ್ನುವುದು. ಸದಾನಂದ ಹಿಂದಕ್ಕೆ ತಿರುಗಿ, ‘ಹ್ಯಾಗುಂಟು ದನಿ?’ ಎಂದ. ‘ಸದ್ದೇನಿಲ್ಲೋ, ನಿನ್ನ ಗಾಡಿ ಭಾಳ ಬೆಚ್ಚಗೈತಿ’ ಎಂದೆ.

ಸಯನ್ ಸೇತುವೆಯ ಮೇಲೆ, ಮೂರನೇ ಗೇರಿನಲ್ಲಿ, ನನ್ನ ಮೂಗಿನ ಎದುರಿಗಿದ್ದ ಕ್ಯಾನಿನ ಒದ್ದೆ ಬಟ್ಟೆ ಮೆಲ್ಲಗೆ ಉಬ್ಬಿತು. ಆಮೇಲೆ ಅದರ ಪಕ್ಕದ್ದು. ಬಸುರಿಯರ ಸಾಲಿನ ನಡುವೆ ಕೂತ ಹಾಗಾಯಿತು. ಕ್ಯಾನಿನ ತಳ ಮುಟ್ಟಿದೆ. ಬಿಸಿ. ತಗಡು ಮುಟ್ಟಿದೆ. ಕೈ ಹಿಂದಕ್ಕೆ ಬಂತು. ಒಂದು ಬೆರಳಿನ ಅಂತರದಲ್ಲಿ ನಾನೇ ಬಿಗಿದ ಕ್ಲಾಂಪು ಕಣ್ಣಮುಂದೆ ಬಂತು. ಹದವಾಗಿ ಹುದುಗಿದ ಹಿಟ್ಟನ್ನು ನಾನು ದಿನಾ ಒಂದು ಗಂಟೆ ಒಲೆಯ ಮೇಲಿಟ್ಟು ವಿಕ್ರೋಳಿಗೆ ಕಳಿಸುತ್ತಿದ್ದೆ. ನಾಲ್ಕು ಸಲ ಪರೀಕ್ಷೆ ಮಾಡಿದ್ದೆ, ಮರಳಿನಲ್ಲಿ. ಮರಳು ಹುಳಿಯಾಗುವುದಿಲ್ಲ.

ಕ್ಯಾಂಟೀನಿನಲ್ಲಿ ಒಂದು ಇಡ್ಲಿ ತಿಂದೆ. ಹಲ್ಲು ಚುಳ್ ಎಂದಿತು.

ವಾಪಸು ಬರುತ್ತ ಸದಾನಂದನಿಗೆ ನಾನು ಏನೂ ಹೇಳಲಿಲ್ಲ. ಇಲ್ಲಿಯೇ ನಿಮ್ಮ ತಾಯಿ ದನಿ ತಗ್ಗಿಸಬೇಕಾದದ್ದು. ನನ್ನ ಲೆಕ್ಕ ಹೀಗಿತ್ತು: ಭಾನುವಾರ ಕಾರನ್ನು ಎಣ್ಣೆ ಬದಲಿಸುವ ನೆಪದಲ್ಲಿ ಗ್ಯಾರೇಜಿಗೆ ಕರೆಸುವುದು, ಸದ್ದಿಲ್ಲದೆ ಪೈಪು ಇಳಿಸುವುದು. ಸೋಮವಾರದಿಂದ ಇಡ್ಲಿ ತಾನಾಗಿ ಸರಿಯಾಗುತ್ತದೆ. ಮಳೆಯ ಮಹಿಮೆ ಎನ್ನಲಿ, ದೇವರ ಮಹಿಮೆ ಎನ್ನಲಿ. ನನ್ನ ಮೊದಲ ಕೆಲಸದ ಹೆಸರೂ ಉಳಿಯಿತು, ಅಣ್ಣಪ್ಪಯ್ಯನ ಕೆಲಸವೂ ಉಳಿಯಿತು. ಲೆಕ್ಕದಲ್ಲಿ ನೂಲಿನಷ್ಟೂ ತಪ್ಪಿರಲಿಲ್ಲ. ಈ ಸಲವೂ ಭಾರ ಅಳೆದಿರಲಿಲ್ಲ.

ಬುಧವಾರ ಹೋಟೆಲಿನ ಮೆಟ್ಟಿಲ ತನಕ ಹೋದೆ. ಆ ಕಿಂಡಿಯ ಎದುರು ಕೂತು ಅವರ ಕೈಯ ಇಡ್ಲಿ ತಿನ್ನಲು ಧೈರ್ಯವಾಗದೆ ಸ್ಟೇಷನ್ನಿನ ಬನ್ನು ಚಹಾ ತೆಗೆದುಕೊಂಡೆ. ಗುರುವಾರವೂ ಬನ್ನು. ಶುಕ್ರವಾರವೂ ಬನ್ನು ನುಂಗಿ ಗ್ಯಾರೇಜಿಗೆ ಬಂದರೆ, ಸದಾನಂದ ಬಂದು ಉಸ್ಮಾನ್ ಮಿಸ್ತ್ರಿಯ ಹತ್ತಿರ ಹೇಳುತ್ತಿದ್ದ: ‘ಅಣ್ಣಪ್ಪಯ್ಯ ಆಜ್ ಜಾ ರಹಾ ಹೈ. ಮಧ್ಯಾಹ್ನದ ಬಸ್ಸು. ಟ್ರಂಕು ಕೆಳಗೆ ತಂದಾಯ್ತು.’

ಅವನು ಹೋದ ಮೇಲೆ ಉಸ್ಮಾನ್ ಮಿಸ್ತ್ರಿಗೆ ಎಲ್ಲ ಹೇಳಿದೆ. ಪೈಪಿನ ವಿಷಯ, ಬಿಸಿಯ ವಿಷಯ, ಭಾನುವಾರದ ಉಪಾಯ. ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸುತ್ತ ಕೇಳಿಸಿಕೊಂಡರು. ಬೈಯುತ್ತಾರೆಂದು ಕಾದೆ.

‘ಎಂಜಿನ್ ಬಡಾ ಡಾಲಾ, ಬ್ರೇಕ್ ಭೀ ಬಡಾ ಡಾಲಾ’ ಎಂದರು. ‘ಅಬ್ ತೇರಾ ಬ್ರೇಕ್ ಕೌನ್ ಡಾಲೇಗಾ? ಜಾ. ಬೋಲ್ ಕೆ ಆ.’ ನನಗೆ ಬ್ರೇಕು ಹಾಕುವವರು ಯಾರು, ಹೋಗಿ ಹೇಳಿ ಬಾ ಎಂದು.

ಹೋದೆ. ಮೆಟ್ಟಿಲ ಬುಡದಲ್ಲಿ ಹಸಿರು ಬಣ್ಣದ ತಗಡಿನ ಟ್ರಂಕು, ಅದರ ಮೇಲೆ ಸುತ್ತಿದ ಚಾಪೆ. ಪಕ್ಕದಲ್ಲಿ ಇಸ್ತ್ರಿಯ ಅಂಗಿ ತೊಟ್ಟ ಅಣ್ಣಪ್ಪಯ್ಯ. ಅವರನ್ನು ಅಂಗಿ ಹಾಕಿಕೊಂಡು ನೋಡಿದ್ದು ಅದೇ ಮೊದಲು. ಭೋಜಣ್ಣ ಗಲ್ಲಾದ ಮೇಲೆ ಕೂತು ಬೀದಿಯ ಕಡೆ ನೋಡುತ್ತಿದ್ದರು.

‘ತಪ್ಪು ಇವರದಲ್ಲರೀ, ನಂದು’ ಎಂದೆ. ಪೈಪನ್ನು ಯಾಕೆ ಮೇಲೆ ಹಾಯಿಸಿದೆ, ನೆಲ ಹೇಗೆ ಕಾಯುತ್ತದೆ ಎಂದು ಹೇಳಿದೆ. ಗಿರಾಕಿಗಳು ಅಗಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

‘ನೀವು ಮಂಗಳವಾರವೇ ಕಾರಿನಲ್ಲಿ ಹೋಗಿದ್ರಲ್ಲ?’ ಎಂದರು ಭೋಜಣ್ಣ.

‘ಅವತ್ತು ತಿಳೀಲಿಲ್ರೀ. ಮಳಿಯೊಳಗ ಹಂಗ ಬೆಚ್ಚಗಾಗಿರಬೇಕು ಅನ್ಕೊಂಡೆ. ಇವತ್ತು ಮುಂಜಾನೆ ಲೋಕಲ್‌ನ್ಯಾಗ ಕೂತಾಗ ಹೊಳೀತು.’

ಸತ್ಯವನ್ನು ಹೇಳಲು ಹೋದವನು ದಾರಿಯಲ್ಲಿ ಮೂರು ದಿನ ಉದುರಿಸಿಕೊಂಡಿದ್ದೆ. ಯಾರೂ ಪ್ರಶ್ನಿಸಲಿಲ್ಲ.

ಅಣ್ಣಪ್ಪಯ್ಯ ಇಸ್ತ್ರಿಯ ಅಂಗಿಯಲ್ಲೇ ಒಳಗೆ ಹೋಗಿ ಒಂದೇ ಪಾತ್ರೆಯ ಹಿಟ್ಟನ್ನು ಎರಡು ಕ್ಯಾನಿಗೆ ಸುರಿದು ತಂದರು. ಒಂದನ್ನು ಡ್ರೈವರಿನ ಪಕ್ಕದ ಸೀಟಿನ ಮೇಲೆ, ಇನ್ನೊಂದನ್ನು ಹಿಂದಿನ ನೆಲದ ಮೇಲೆ ಇಟ್ಟು ಸದಾನಂದನಿಗೆ, ‘ವಿಕ್ರೋಳಿ ಮುಟ್ಟಿ ತಿರುಗಿ ಬಾ’ ಎಂದರು. ಎರಡು ಗಂಟೆ ನಾವು ಮೂವರೂ ಅಲ್ಲೇ ಇದ್ದೆವು. ಮಧ್ಯಾಹ್ನದ ಬಸ್ಸಿನ ಹೊತ್ತು ಮೀರಿತು. ಯಾರೂ ಗಡಿಯಾರ ನೋಡಲಿಲ್ಲ. ಕಾರು ಬಂದಾಗ ಹಿಂದಿನ ಕ್ಯಾನಿನ ಹಿಟ್ಟು ಬಟ್ಟೆ ಸರಿಸಿ ಹೊರಗೆ ಇಳಿದಿತ್ತು. ಅಣ್ಣಪ್ಪಯ್ಯ ಎರಡಕ್ಕೂ ಬೆರಳದ್ದಿ ನಾಲಗೆಗೆ ಇಟ್ಟುಕೊಂಡರು. ಆಮೇಲೆ ಬೆರಳನ್ನು ಒರೆಸಿಕೊಂಡು ಭೋಜಣ್ಣನ ಕಡೆ ನೋಡಿದರು, ಅಷ್ಟೇ.

ಭೋಜಣ್ಣ ಎದ್ದರು. ಮೆಟ್ಟಿಲ ಬುಡಕ್ಕೆ ಹೋಗಿ, ಟ್ರಂಕನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು, ಆ ಮೈಯಲ್ಲಿ ಏದುಸಿರು ಬಿಡುತ್ತ, ನಡುವೆ ಎರಡು ಕಡೆ ನಿಂತು, ಮೂರನೇ ಮಾಳಿಗೆಯ ಅಣ್ಣಪ್ಪಯ್ಯನ ಕೋಣೆಗೆ ತಾವೇ ಹೊತ್ತುಕೊಂಡು ಹೋದರು. ಸಯನ್ ಸೇತುವೆಯ ಹಳೇ ಮೈನರ್ ನೆನಪಾಯಿತು. ಅದು ಅವರ ಕ್ಷಮಾಪಣೆ.

ನಾನು ಪೈಪು ಇಳಿಸಲು ಸ್ಪ್ಯಾನರ್ ತಂದೆ. ಅಣ್ಣ‌ಪ್ಪಯ್ಯ ತಡೆದರು. ‘ಎಂತಕ್ಕೆ? ಇರ್ಲಿ. ವಿಕ್ರೋಳಿ ಹಿಟ್ಟನ್ನು ನಾನು ಎಳತು ಇರುವಾಗಲೇ ಕಳಿಸ್ತೆ. ದಾರಿ ಮೇಲೆ ಬಲೀಲಿ.’ ಎಷ್ಟು ಎಳತು ಎಂದು ಕಂಡುಹಿಡಿಯಲು ಅವರಿಗೆ ಮೂರು ದಿನ ಸಾಕಾಯಿತು. ಗುತ್ತಿಗೆ ಉಳಿಯಿತು. ಚಳಿಗಾಲದಲ್ಲಿ ಊರಿನ ಹೋಟೆಲುಗಳಲ್ಲೆಲ್ಲ ಇಡ್ಲಿ ಏಳದೆ ಬಿಲ್ಲೆಯಾದಾಗ ವಿಕ್ರೋಳಿಯಲ್ಲಿ ಮಾತ್ರ ಹತ್ತಿಯಾಗಿರುತ್ತಿತ್ತಂತೆ. ಕ್ಯಾಂಟೀನಿನ ಮ್ಯಾನೇಜರು ರಹಸ್ಯ ಕೇಳಿದಾಗ ಭೋಜಣ್ಣ, ‘ಅದು ನಮ್ಮ ಎಂಜಿನಿಯರ್ ಮಾಡಿದ್ದು’ ಎಂದರಂತೆ. ಎಂಜಿನಿಯರ್ ಎಂದು ನನ್ನನ್ನು ಕರೆದದ್ದು ಅದೊಂದೇ ಸಲ. ಅದೂ ತಪ್ಪು ಮಾಡಿದ್ದಕ್ಕೆ.

ಆ ಘಟನೆಯಿಂದ ನನ್ನ ಕೆಲಸದ ಕ್ರಮ ಬದಲಾಯಿತು. ಯಾವ ಕಾರು ಬಂದರೂ ಮಾಲೀಕನನ್ನು ಕೂರಿಸಿ, ಯಾರು ಕೂರುತ್ತಾರೆ, ಏನು ಹೊರುತ್ತೀರಿ, ಎಲ್ಲಿ ಇಡುತ್ತೀರಿ ಎಂದು ಕೇಳುತ್ತಿದ್ದೆ. ಕೆಲವರು ಪೊಲೀಸ್ ವಿಚಾರಣೆ ಎಂದು ಬೇರೆ ಗ್ಯಾರೇಜಿಗೆ ಹೋದರು. ಹೂವಿನವರ ಕಾರಿಗೆ, ಮೀನಿನವರ ವ್ಯಾನಿಗೆ, ಮಂಡಿನೋವಿನ ತಾಯಿಯನ್ನು ಹಿಂದೆ ಕೂರಿಸುವವರಿಗೆ ಪೈಪಿನ ದಾರಿ ಬೇರೆ ಬೇರೆ. ಮಂಡಿನೋವಿಗೆ ಸ್ವಲ್ಪ ಬಿಸಿ ಒಳ್ಳೆಯದೇ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅಣ್ಣಪ್ಪಯ್ಯ ಕೆಲಸ ಬಿಟ್ಟು ಊರಿಗೆ ಹೊರಟರು. ಈ ಸಲ ತಾವಾಗಿಯೇ. ಅದೇ ಹಸಿರು ಟ್ರಂಕು, ಅದೇ ಮೆಟ್ಟಿಲ ಬುಡ. ಬಸ್ಸಿನ ತನಕ ಮೈನರಿನಲ್ಲೇ ಹೋಗುವುದೆಂದಾಗಿತ್ತು. ನಾನು ಟ್ರಂಕನ್ನು ಹಿಂದೆ ಇಟ್ಟು ಬಾಗಿಲು ಹಾಕಿದೆ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

‘ಹ್ವಾಯ್, ಒಂದು ಮಾತು. ಆ ಪೈಪಿನ ಸಂಗತಿ ನಿಮಗೆ ಹೊಳೆದದ್ದು ಶುಕ್ರವಾರ ಬೆಳಿಗ್ಗೆ ಅಂದಿದ್ರಿ ಅಲ್ದಾ?’

‘ಹೂಂರೀ.’

‘ಮತ್ತೆ ಆ ಬುಧವಾರದಿಂದಲೇ “ಚಟ್ನಿ ಬೇರೆ” ಕೂಗು ಎಂತಕ್ಕೆ ಕೇಳ್ಲಿಲ್ಲ?’

ಸದಾನಂದ ಗಾಡಿ ಎಬ್ಬಿಸಿದ. ನನ್ನ ಎಂಜಿನ್ನು ಮೊದಲ ತಿರುವಿಗೇ ಹೊತ್ತಿಕೊಂಡಿತು, ಸದ್ದಿನಲ್ಲಿ ಒಂದು ಕೊರತೆಯೂ ಇರಲಿಲ್ಲ. ಆ ಶುಕ್ರವಾರದಿಂದ ಈಚೆಗೆ, ಇಷ್ಟು ವರ್ಷ, ದಿನಾ ಬೆಳಿಗ್ಗೆ, ಅವರು ನನ್ನ ಚಟ್ನಿಯನ್ನು ಬೇರೆ ಬಟ್ಟಲಲ್ಲೇ ಕಳಿಸಿದ್ದರು.